ಬಿನ್ನಿಪೇಟೆಯಿಂದ ಸಿಂಹಳದ್ವೀಪಕ್ಕೆ: ತರುಣ ಯಾತ್ರಿಕರಿಗೆ ಕೆಲವು ಮಾತುಗಳು

ಓದು ಮುಗಿಸಿ, ಮೊದಲ ಕೆಲಸಕ್ಕೆ ಸೇರಿ, ಮೊದಲ ವರ್ಷದ ಸಂಬಳದಲ್ಲಿ ಅಷ್ಟಿಷ್ಟು ಉಳಿಸಿಕೊಂಡ ನಮ್ಮ ಬಿನ್ನಿಪೇಟೆಯ ತರುಣ ತರುಣಿಯರು ತಮ್ಮ ಪ್ರಥಮ ವಿದೇಶಯಾತ್ರೆಗೆ ಶ್ರೀಲಂಕೆಯನ್ನು ಆರಿಸಿಕೊಳ್ಳುವುದನ್ನು ಈಚಿನ ವರ್ಷಗಳಲ್ಲಿ ನಾನು ಮೇಲಿಂದ ಮೇಲೆ ಕಾಣುತ್ತಿದ್ದೇನೆ. ಆ ದ್ವೀಪವನ್ನು ಮೂರು ಸಲ ಸುತ್ತಿಬಂದವನೆಂಬ ಕಾರಣದಿಂದ ಅವರಲ್ಲಿ ಕೆಲವರು ಹೊರಡುವ ಮುನ್ನ ಸಂಜೆಯ ಹೊತ್ತು ನಮ್ಮ ಮನೆಯ ಜಗಲಿಗೆ ಬಂದು ಕುಳಿತು ನನ್ನನ್ನು ಪ್ರಶ್ನಿಸುವುದುಂಟು. ಅವರು ಓದಿಕೊಂಡು ಬಂದಿರುವ ಮಾರ್ಗದರ್ಶಿಗಳು ಬಹುಮಟ್ಟಿಗೆ ಶೀತದೇಶದವರನ್ನು ಉದ್ದೇಶಿಸಿ ರಚಿತವಾದುವು, ತೆಂಗಿನ ಮರವನ್ನೂ ಮಾವಿನ ಹಣ್ಣನ್ನೂ ಸೊಳ್ಳೆಯನ್ನೂ ಮೊದಲ ಸಲ ಕಾಣುವವರಿಗೆ ಬರೆದ ಆ ಎಚ್ಚರಿಕೆಗಳನ್ನು ಓದಿ, "ನಾವೇ ಉಷ್ಣದೇಶದಲ್ಲಿ ಹುಟ್ಟಿದವರು, ಇದೆಲ್ಲ ನಮಗೇಕೆ?" ಎಂದು ಅವರು ಕೇಳುತ್ತಾರೆ. ಪ್ರಶ್ನೆ ಸಹಜವಾದುದೇ. ಆದರೆ ಅದರೊಳಗಿರುವ ನಂಬಿಕೆ ಅರ್ಧ ಮಾತ್ರ ಸತ್ಯವಾದುದು, ಮತ್ತು ನಾನು ಕಂಡ ಮಟ್ಟಿಗೆ ನಮ್ಮ ತರುಣರು ಅಲ್ಲಿ ಪಡುವ ತೊಂದರೆಗಳೆಲ್ಲ ಉಳಿದ ಅರ್ಧದಿಂದಲೇ ಹುಟ್ಟುತ್ತವೆ.

ಬೆಂಗಳೂರು ಹದಿಮೂರನೆಯ ಅಕ್ಷಾಂಶದ ಮೇಲಿದೆ, ಕೊಲಂಬೊ ಏಳನೆಯದರ ಸಮೀಪದಲ್ಲಿದೆ; ಭೂಪಟದ ಪ್ರಕಾರ ಎರಡೂ ಉಷ್ಣವಲಯದವೇ ಸರಿ. ಆದರೆ ನಮ್ಮ ನಗರವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲೆ ಕುಳಿತಿರುವುದರಿಂದ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿಯೂ ನೆರಳಿಗೆ ಸರಿದೊಡನೆ ಬೆವರು ಆರುತ್ತದೆ, ಮೈ ತಂಪಾಗುತ್ತದೆ. ಕೊಲಂಬೊ ನಗರದಲ್ಲಿ ನೆರಳಿಗೆ ಸರಿದರೂ ಬೆವರು ಆರುವುದಿಲ್ಲ, ಏಕೆಂದರೆ ಅಲ್ಲಿನ ಗಾಳಿಯೇ ತೇವದಿಂದ ತುಂಬಿರುವುದು. ಈ ಭೇದವನ್ನು ಬಿನ್ನಿಪೇಟೆಯ ಹಿರಿಯರು ಕಡಲನ್ನೇ ಕಾಣದೆ ಬಲ್ಲವರಾಗಿದ್ದರು. 1884ರಲ್ಲಿ ಸ್ಥಾಪಿತವಾಗಿ, ಎರಡು ವರ್ಷಗಳ ತರುವಾಯ ಬಿನ್ನಿ ಕಂಪನಿಯ ಆಡಳಿತಕ್ಕೆ ಬಂದು, ನಮ್ಮ ಬಡಾವಣೆಗೆ ತನ್ನ ಹೆಸರನ್ನೇ ಕೊಟ್ಟ ಆ ದೊಡ್ಡ ಮಿಲ್ಲಿನಲ್ಲಿ ನಮ್ಮ ತಂದೆಯವರು ಮಗ್ಗದ ವಿಭಾಗದಲ್ಲಿ ದುಡಿದರು. ಹತ್ತಿಯ ನೂಲು ಒಣಗಿದರೆ ಕಡಿದುಹೋಗುವುದಾದ್ದರಿಂದ ನೇಯ್ಗೆಯ ಶೆಡ್ಡುಗಳಲ್ಲಿ ಗಾಳಿಯನ್ನು ಬೇಕೆಂದೇ ತೇವವಾಗಿ ಇಡುವುದು ಎಲ್ಲ ಮಿಲ್ಲುಗಳ ಪದ್ಧತಿ. ಅಲ್ಲಿ ಎಂಟು ಗಂಟೆ ನಿಂತು ಬಂದವರಿಗೆ ಕೊಲಂಬೊದ ಹವೆ ಹೊಸದಾಗಿ ತೋರಲಾರದು. ಬೆವರಿನೊಡನೆ ಉಪ್ಪೂ ಹೋಗುವುದೆಂದೂ ಬರಿಯ ನೀರು ಕುಡಿದು ಪ್ರಯೋಜನವಿಲ್ಲವೆಂದೂ ಹೇಳಿ, ತಂದೆಯವರು ಉಪ್ಪು ಬೆರೆಸಿದ ನೀರುಮಜ್ಜಿಗೆಯನ್ನು ಪಾತ್ರೆಯಲ್ಲಿ ತುಂಬಿಕೊಂಡು ಪಾಳಿಗೆ ಹೋಗುತ್ತಿದ್ದರು. ಆ ಮಾತಿಗಿಂತ ಹೆಚ್ಚು ಉಪಯುಕ್ತವಾದ ಸಲಹೆ ನನಗೆ ಯಾವ ಮಾರ್ಗದರ್ಶಿಯಲ್ಲಿಯೂ ದೊರೆತಿಲ್ಲ.

ಆದುದರಿಂದ ಮೊದಲ ಎರಡು ಮೂರು ದಿನ ದೇಹಕ್ಕೆ ಅವಕಾಶ ಕೊಡತಕ್ಕದ್ದು. ಬೆಳಿಗ್ಗೆ ಆರಕ್ಕೆ ಸೂರ್ಯೋದಯವಾದೊಡನೆ ಹೊರಟು ಹತ್ತೂವರೆಯೊಳಗೆ ಆ ದಿನದ ಮುಖ್ಯ ದರ್ಶನವನ್ನು ಮುಗಿಸುವುದು, ಹನ್ನೊಂದರಿಂದ ಮೂರರವರೆಗೆ ನೆರಳಿನಲ್ಲಿ ಊಟ ವಿಶ್ರಾಂತಿಗಳಲ್ಲಿ ಕಳೆಯುವುದು, ಮತ್ತೆ ಸಂಜೆಗೆ ಎದ್ದು ನಡೆಯುವುದು: ಆ ನಾಡಿನ ಜನ ಶತಮಾನಗಳಿಂದ ಅನುಸರಿಸುತ್ತ ಬಂದಿರುವ ದಿನಚರಿಯೇ ಇದು. ಉಡುಪು ಸಡಿಲವಾದ ಹತ್ತಿಯದಿರಲಿ. ಬಾಯಾರುವ ಮುನ್ನವೇ ನೀರು ಕುಡಿಯಿರಿ. ರಸ್ತೆಯ ಬದಿಯಲ್ಲಿ ಮಾರುವ ಕಿತ್ತಳೆ ಬಣ್ಣದ 'ತಂಬಿಲಿ' ಎಳನೀರು ಕೈಗೆ ಎಟುಕುವಾಗ ಬಣ್ಣದ ಸೋಡಾಗಳ ಕಡೆಗೆ ನೋಡಬೇಕಾದ ಅಗತ್ಯವೇ ಇಲ್ಲ. ವಾಂತಿಭೇದಿಯಾದರೆ ಓಆರ್‌ಎಸ್ ಪುಡಿಯ ಪೊಟ್ಟಣ ಕೈಚೀಲದಲ್ಲಿರಬೇಕು. ಅದಿಲ್ಲದ ಪಕ್ಷದಲ್ಲಿ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮತಟ್ಟಾದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಯುತ್ತಿದ್ದು ವೈದ್ಯರನ್ನು ಕಾಣಬೇಕು.

ಇನ್ನು ಯಾವಾಗ ಹೋಗಬೇಕೆಂಬ ವಿಚಾರ. ನಾನು ಮೊದಲ ಸಲ ಹೋದದ್ದು ಮೇ ತಿಂಗಳ ಕೊನೆಯಲ್ಲಿ. ನಗರದ ಒಬ್ಬ ಟ್ರಾವೆಲ್ ಏಜೆಂಟರು ದಕ್ಷಿಣತೀರದ ಒಂದು ವಸತಿಗೃಹದಲ್ಲಿ ಅರ್ಧ ದರಕ್ಕೆ ಕೋಣೆ ದೊರೆಯುವುದೆಂದು ಹೇಳಿ ಆರು ದಿನಗಳ ಹಣವನ್ನು ಮುಂಗಡವಾಗಿ ಪಡೆದರು. ದರ ಏಕೆ ಅರ್ಧವಾಯಿತೆಂಬುದನ್ನು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಆರು ದಿನವೂ ಕಡಲು ಕೆಸರಿನ ಬಣ್ಣಕ್ಕೆ ತಿರುಗಿ ಮೊರೆಯುತ್ತಿತ್ತು, ತೀರದಲ್ಲಿ ಕೆಂಪು ಬಾವುಟ ಇಳಿಯಲೇ ಇಲ್ಲ, ಕೋಣೆಯೊಳಗೆ ಒಗೆದ ಬಟ್ಟೆ ಒಣಗಲಿಲ್ಲ. ನೈರುತ್ಯ ಮುಂಗಾರು ಆಗುಂಬೆಯನ್ನು ತೋಯಿಸಿ ಚಿತ್ರದುರ್ಗವನ್ನು ಒಣಗಿಸಿಬಿಡುವುದಕ್ಕೆ ಪಶ್ಚಿಮಘಟ್ಟ ಹೇಗೆ ಕಾರಣವೋ, ಹಾಗೆಯೇ ಶ್ರೀಲಂಕೆಯ ನಡುವೆ ನಿಂತಿರುವ ಬೆಟ್ಟಗಳು ಆ ಪುಟ್ಟ ದ್ವೀಪವನ್ನು ಎರಡು ಋತುಗಳ ನಾಡನ್ನಾಗಿ ವಿಭಾಗಿಸಿವೆ. ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಪಶ್ಚಿಮ ಮತ್ತು ನೈರುತ್ಯ ತೀರದಲ್ಲಿ ಮಳೆ. ಅದೇ ಕಾಲದಲ್ಲಿ ಪೂರ್ವತೀರದ ತ್ರಿಕೋನಮಲೆ, ಮಟ್ಟಕಳಪ್ಪು, ಅರುಗಂಬೇ ಕಡೆಗಳಲ್ಲಿ ಆಕಾಶ ತಿಳಿಯಾಗಿ ಕಡಲು ಶಾಂತವಾಗಿರುವುದು. ಡಿಸೆಂಬರಿನಿಂದ ಮಾರ್ಚಿಯವರೆಗೆ ಇದು ತಿರುಗುಮುರುಗಾಗುತ್ತದೆ: ಗಾಲ್, ಮಿರಿಸ್ಸ, ಹಿಕ್ಕಡುವೆಗಳಿಗೆ ಹೋಗಲು ಅದೇ ಪ್ರಶಸ್ತ ಕಾಲ. ನಡುವಣ ಅಕ್ಟೋಬರ್ ನವೆಂಬರುಗಳಲ್ಲಿ ಬಂಗಾಳಕೊಲ್ಲಿಯ ಚಂಡಮಾರುತಗಳ ಭಯವುಂಟು. 2025ರ ನವೆಂಬರ್ ಕೊನೆಯಲ್ಲಿ ಬಂದ 'ದಿತ್ವಾ' ಚಂಡಮಾರುತದಿಂದ ಮಲೆಸೀಮೆಯಲ್ಲಿ ಗುಡ್ಡಗಳು ಕುಸಿದು ನೂರಾರು ಜನ ಮಡಿದರು. ದ್ವೀಪದ ವಿಸ್ತೀರ್ಣ 65,610 ಚದರ ಕಿಲೋಮೀಟರ್, ಎಂದರೆ ನಮ್ಮ ಕರ್ನಾಟಕದ ಮೂರನೆಯ ಒಂದು ಪಾಲು. ಆದಕಾರಣ ಒಂದು ಕಡೆ ಮಳೆ ಹಿಡಿದರೆ ಒಂದು ಹಗಲಿನ ಪ್ರಯಾಣದಲ್ಲಿ ಇನ್ನೊಂದು ಋತುವಿಗೆ ದಾಟಬಹುದು. ಎಲ್ಲ ದಿನಗಳ ವಸತಿಗೂ ಮುಂಚೆಯೇ ಹಣ ಕಟ್ಟಬೇಡಿರೆಂದು ನಾನು ಹೇಳುವುದು ಇದಕ್ಕಾಗಿಯೇ.

ದಾಖಲೆಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಪಾಸ್‌ಪೋರ್ಟಿನ ಅವಧಿ ಪ್ರಯಾಣದ ದಿನದಿಂದ ಕಡಮೆಯೆಂದರೆ ಆರು ತಿಂಗಳು ಉಳಿದಿರಬೇಕು. ಪ್ರವೇಶಾನುಮತಿಯನ್ನು ಶ್ರೀಲಂಕಾ ಸರ್ಕಾರದ ಅಧಿಕೃತ ಜಾಲತಾಣದಿಂದ ಮಾತ್ರ ಪಡೆಯತಕ್ಕದ್ದು. ಅದನ್ನೇ ಹೋಲುವ ಹೆಸರಿಟ್ಟುಕೊಂಡು ಹೆಚ್ಚು ಹಣ ಕೀಳುವ ತಾಣಗಳಿವೆ, ಮತ್ತು ಅನುಮತಿಯ ಶುಲ್ಕವೂ ನಿಯಮಗಳೂ ಆಗಾಗ ಬದಲಾಗುತ್ತವೆ. ಒಬ್ಬರು 25,000 ರೂಪಾಯಿಗಳವರೆಗೆ ನಮ್ಮ ನೋಟುಗಳನ್ನು ಜೊತೆಯಲ್ಲಿ ಒಯ್ಯಬಹುದು. 2024ರ ಫೆಬ್ರವರಿಯಿಂದ ನಮ್ಮ ಯುಪಿಐ ಅಲ್ಲಿನ ಹಲವು ಅಂಗಡಿಗಳಲ್ಲಿ ನಡೆಯುತ್ತದೆ, ಆದರೆ ಹಳ್ಳಿಯ ಹೋಟೆಲಿನಲ್ಲಿಯೂ ಬಸ್ಸಿನಲ್ಲಿಯೂ ನಗದೇ ಬೇಕು. ಪ್ರಯಾಣವಿಮೆಯನ್ನು ತಪ್ಪದೆ ಮಾಡಿಸಿರಿ. ಬಾಡಿಗೆಯ ಸ್ಕೂಟರ್ ಹತ್ತುವ ಮೊದಲು, ನಮ್ಮ ಚಾಲನಾ ಪರವಾನಗಿ ಅಲ್ಲಿನ ಮಾನ್ಯತೆಯಿಲ್ಲದೆ ಸಲ್ಲದೆಂಬುದನ್ನೂ ಹಾಗೆ ಓಡಿಸಿ ಬಿದ್ದರೆ ವಿಮೆಯ ಹಣ ಬಾರದೆಂಬುದನ್ನೂ ನೆನೆಯಿರಿ. ಪೊಲೀಸರಿಗೆ 119, ಆಂಬುಲೆನ್ಸಿಗೆ 1990: ಈ ಎರಡು ಸಂಖ್ಯೆಗಳು ಬಾಯಿಪಾಠವಾಗಿರಲಿ. ಎರಡನೆಯದು 'ಸುವಸೆರಿಯ' ಎಂಬ ಉಚಿತ ಸೇವೆ, ನಮ್ಮ ದೇಶದ ನೆರವಿನಿಂದ 2016ರಲ್ಲಿ ಪ್ರಾರಂಭವಾದುದು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಶ್ರೀಲಂಕೆಯನ್ನು ಮಲೇರಿಯಾಮುಕ್ತವೆಂದು ಘೋಷಿಸಿತು. ಶತಮಾನದ ಹಿಂದೆ ಆ ಜ್ವರ ಅಲ್ಲಿ ಎಷ್ಟು ಮನೆಗಳನ್ನು ಬರಿದುಮಾಡಿತ್ತೆಂಬುದನ್ನು ಬಲ್ಲವರಿಗೆ ಇದೊಂದು ಮಹತ್ಕಾರ್ಯವೆಂದು ತೋರದಿರದು. ಆದರೆ ಡೆಂಗ್ಯೂ ಉಳಿದಿದೆ, ಮತ್ತು ಅದನ್ನು ಹರಡುವ ಸೊಳ್ಳೆ ಹಗಲಿನಲ್ಲಿ ಕಚ್ಚುವುದು. ರಾತ್ರಿ ಪರದೆ ಕಟ್ಟಿಕೊಂಡು ಹಗಲಿಡೀ ಬರಿಗಾಲಿನಲ್ಲಿ ತೋಟದಲ್ಲಿ ಕೂರುವವರು ಇದನ್ನು ಗಮನಿಸಬೇಕು. ಜ್ವರ ಬಂದಾಗ ವೈದ್ಯರ ಮಾತಿಲ್ಲದೆ ಆಸ್ಪಿರಿನ್, ಬ್ರೂಫೆನ್ ಜಾತಿಯ ಗುಳಿಗೆಗಳನ್ನು ನುಂಗಬಾರದು, ಡೆಂಗ್ಯೂವಾಗಿದ್ದಲ್ಲಿ ಅವು ರಕ್ತಸ್ರಾವವನ್ನು ಹೆಚ್ಚಿಸುವುವು. ಸಿಂಹರಾಜದಂತಹ ಮಳೆಕಾಡಿನಲ್ಲಿ ನಮ್ಮ ಮಲೆನಾಡಿನ ಇಂಬಳಗಳೇ ಕಾಲಿಗೆ ಹತ್ತುವುವು; ಉದ್ದ ಕಾಲುಚೀಲದೊಳಗೆ ಷರಾಯಿಯನ್ನು ಸೇರಿಸಿ ಕಟ್ಟಿಕೊಂಡು, ಒಂದು ಚಿಟಿಕೆ ಉಪ್ಪನ್ನು ಜೇಬಿನಲ್ಲಿಟ್ಟುಕೊಂಡರೆ ಸಾಕು.

ಕಡಲಿನ ವಿಷಯದಲ್ಲಿ ಮಾತ್ರ ನಾನು ಸಂಕ್ಷೇಪಿಸಲಾರೆ. ಬಿನ್ನಿಪೇಟೆಯ ಹುಡುಗರು ಈಜು ಕಲಿತಿದ್ದರೆ ಅದನ್ನು ಈಜುಕೊಳದಲ್ಲಿ ಕಲಿತವರು. ನಿಂತ ನೀರಿಗೂ ಕಡಲಿಗೂ ಇರುವ ಅಂತರವನ್ನು ಕೊಳ ಕಲಿಸುವುದಿಲ್ಲ. 2024ರ ಡಿಸೆಂಬರಿನಲ್ಲಿ ನಮ್ಮದೇ ಮುರುಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡ ಸುದ್ದಿಯನ್ನು ಓದಿದ ದಿನದಿಂದ, ನನ್ನ ಜಗಲಿಗೆ ಬಂದ ಯಾರನ್ನೂ ಈ ಮಾತು ಕೇಳಿಸದೆ ನಾನು ಕಳುಹಿಸಿಲ್ಲ. ತೀರಕ್ಕೆ ಬಂದು ಒಡೆದ ಅಲೆಗಳ ನೀರೆಲ್ಲ ಹಿಂದಿರುಗಬೇಕಷ್ಟೆ; ಅದು ಎಲ್ಲ ಕಡೆಯೂ ಸಮನಾಗಿ ಹಿಂದಿರುಗದೆ, ಮರಳು ತಗ್ಗಾದ ಒಂದು ಕಿರಿಯ ಓಣಿಯಲ್ಲಿ ಕೂಡಿಕೊಂಡು ವೇಗವಾಗಿ ಒಳಗಡಲಿಗೆ ಹರಿಯುವುದು. ಈ ಸೆಳೆತದ ಜಾಗದಲ್ಲಿ ಅಲೆಗಳು ಒಡೆಯುವುದು ಕಡಮೆಯಾದ್ದರಿಂದ, ಅರಿಯದವರಿಗೆ ಅದೇ ತೀರದಲ್ಲೆಲ್ಲ ಶಾಂತವಾದ, ಮಿಂದಾಡಲು ಯೋಗ್ಯವಾದ ಸ್ಥಳವೆಂಬ ಭ್ರಾಂತಿಯುಂಟಾಗುತ್ತದೆ. ಸೆಳೆತಕ್ಕೆ ಸಿಕ್ಕವನು ಗಾಬರಿಗೊಂಡು ನೇರವಾಗಿ ದಡದ ಕಡೆಗೆ ಈಜಲೆಳಸಿದರೆ ಪ್ರವಾಹದ ವಿರುದ್ಧ ಶಕ್ತಿಯೆಲ್ಲ ವ್ಯಯವಾಗಿ ಬಳಲಿ ಮುಳುಗುವನು. ಸೆಳೆತ ಯಾರನ್ನೂ ಕೆಳಕ್ಕೆ ಎಳೆಯದು, ಹೊರಕ್ಕೆ ಒಯ್ಯುವುದು ಮಾತ್ರ. ಆದ್ದರಿಂದ ತೇಲಿಕೊಂಡಿದ್ದು, ಕೈಯೆತ್ತಿ ಕೂಗಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಆ ಓಣಿಯಿಂದ ಹೊರಬಂದ ಮೇಲೆ ಅಲೆಗಳ ಜೊತೆಯಲ್ಲಿ ದಡ ಸೇರತಕ್ಕದ್ದು. ಜೊತೆಗಾರನು ಸಿಕ್ಕಿಕೊಂಡಾಗ ನೀವೂ ಹಾರಬೇಡಿರಿ. ತೇಲುವ ವಸ್ತುವನ್ನು ಏನಾದರೊಂದನ್ನು, ಖಾಲಿಯಾದ ಮುಚ್ಚಳದ ಕ್ಯಾನನ್ನಾದರೂ, ಅವನತ್ತ ಎಸೆದು ಬೆಸ್ತರನ್ನು ಕೂಗಿರಿ. ಮದ್ಯ ಸೇವಿಸಿ ನೀರಿಗಿಳಿಯುವುದು, ಕತ್ತಲಾದ ಮೇಲೆ ಇಳಿಯುವುದು, ಕೆಂಪು ಬಾವುಟವಿರುವಾಗ ಮೊಣಕಾಲುದ್ದವೇ ಎಂದು ಇಳಿಯುವುದು, ಈ ಮೂರನ್ನೂ ಸ್ನೇಹಿತರ ಬಲವಂತಕ್ಕಾಗಿ ಮಾಡಬೇಡಿರಿ. ಭೂಮಿ ನಡುಗಿತೆಂದೆನಿಸಿದರೆ, ಅಥವಾ ಕಡಲು ಇದ್ದಕ್ಕಿದ್ದಂತೆ ಹಿಂದಕ್ಕೆ ಸರಿದು ತಳ ಕಾಣತೊಡಗಿದರೆ, ಚಿತ್ರ ತೆಗೆಯಲು ನಿಲ್ಲದೆ ಎತ್ತರದ ನೆಲಕ್ಕೆ ಓಡಿರಿ. 2004ರ ಡಿಸೆಂಬರ್ 26ರಂದು ಆ ದ್ವೀಪದಲ್ಲಿ 30,000ಕ್ಕೂ ಮಿಕ್ಕಿ ಜನ ಸುನಾಮಿಗೆ ಬಲಿಯಾದರು, ಪೆರಲಿಯದ ಬಳಿ ತುಂಬಿದ ರೈಲೊಂದು ಅಲೆಯಲ್ಲಿ ಕೊಚ್ಚಿಹೋಯಿತು. ಅಲ್ಲಿ ನಿಂತಿರುವ ಸ್ಮಾರಕದ ಮುಂದೆ ಒಂದು ಗಳಿಗೆ ಮೌನವಾಗಿ ನಿಂತು ಬನ್ನಿರಿ.

ರೈಲು ಎಂದೊಡನೆ ಮಲೆಸೀಮೆಯ ಹಾದಿ ನೆನಪಿಗೆ ಬರುತ್ತದೆ. ಕೊಲಂಬೊ ಕೋಟೆಯ ನಿಲ್ದಾಣದಿಂದ ಹೊರಟು, ಚಹದ ತೋಟಗಳ ನಡುವೆ ಏರಿ, ಪಟ್ಟಿಪೊಲದಲ್ಲಿ 1,890 ಮೀಟರಿಗೂ ಹೆಚ್ಚು ಎತ್ತರವನ್ನು ಮುಟ್ಟಿ ಬದುಳ್ಳಕ್ಕಿಳಿಯುವ ಈ ಮಾರ್ಗವು 1864ರಲ್ಲಿ ಆರಂಭವಾಗಿ 1924ರಲ್ಲಿ ಪೂರ್ಣವಾಯಿತು. ದೆಮೋದರದ ಒಂಬತ್ತು ಕಮಾನುಗಳ ಸೇತುವೆಯನ್ನು ಉಕ್ಕಿನ ನೆರವಿಲ್ಲದೆ ಕಲ್ಲು, ಇಟ್ಟಿಗೆ, ಸಿಮೆಂಟುಗಳಿಂದಲೇ ಕಟ್ಟಿದ್ದಾರೆ. ಈಗ ತರುಣರು ಈ ರೈಲನ್ನು ಹತ್ತುವುದು ಬಾಗಿಲಿನಿಂದ ಹೊರಕ್ಕೆ ತೂಗಾಡುತ್ತ ಚಿತ್ರ ತೆಗೆಸಿಕೊಳ್ಳುವುದಕ್ಕೆಂದೇ ಎಂಬಂತಾಗಿದೆ. ಕಂಬಗಳೂ ಸುರಂಗದ ಗೋಡೆಗಳೂ ಬಂಡಿಗೆ ಒತ್ತಿಕೊಂಡಿರುವ ಆ ದಾರಿಯಲ್ಲಿ ಹೀಗೆ ಪ್ರಾಣ ಕಳೆದುಕೊಂಡ ಪ್ರವಾಸಿಗಳುಂಟು. ಕಿಟಕಿಯ ಬಳಿ ಕುಳಿತು ನೋಡಿದರೂ ಆ ನಾಡಿನ ಚೆಲುವು ಒಂದಿಷ್ಟೂ ಕಡಮೆಯಾಗದೆಂದು ನಾನು ಪ್ರಮಾಣಮಾಡಿ ಹೇಳಬಲ್ಲೆ. ಮೇಲೆ ಹೇಳಿದ 'ದಿತ್ವಾ' ಚಂಡಮಾರುತದಿಂದ ಈ ಹಳಿಗಳಿಗೂ ಹಾನಿಯಾಗಿತ್ತಾದ್ದರಿಂದ, ಯಾವ ಭಾಗದಲ್ಲಿ ಗಾಡಿ ಓಡುತ್ತಿದೆಯೆಂಬುದನ್ನು ನಿಲ್ದಾಣದಲ್ಲಿ ವಿಚಾರಿಸಿಕೊಂಡೇ ಮುಂದಿನ ಊರಿನ ಕೋಣೆಯನ್ನು ಗೊತ್ತುಮಾಡಿರಿ.

ಆ ತೋಟಗಳಲ್ಲಿ ಚಹದ ಎಲೆ ಬಿಡಿಸುವ ಹೆಣ್ಣುಮಕ್ಕಳ ಪೂರ್ವಿಕರು ತಮಿಳುನಾಡಿನಿಂದ ಹೋದವರು. ಮಿಲ್ಲಿನ ದೆಸೆಯಿಂದ ಕನ್ನಡ, ತಮಿಳು, ತೆಲುಗು, ಉರ್ದುಗಳು ಒಂದೇ ನಲ್ಲಿಯ ಬಳಿ ಕಲೆತ ಬಿನ್ನಿಪೇಟೆಯ ಓಣಿಗಳಲ್ಲಿ ಬೆಳೆದವರಿಗೆ ಇಲ್ಲಿ ಒಂದು ಭಾಗ್ಯ ಕಾದಿದೆ: ನೆರೆಮನೆಯಲ್ಲಿ ಕೇಳಿ ಕಲಿತ ತಮಿಳು ಅಲ್ಲಿ ಬಾಗಿಲುಗಳನ್ನು ತೆರೆಯುತ್ತದೆ. ಆದರೆ ಅಪ್ಪಣೆಯಿಲ್ಲದೆ ಅವರ ಚಿತ್ರ ತೆಗೆಯಬೇಡಿರಿ. ತೂಕಕ್ಕೆ ತಕ್ಕ ಕೂಲಿಗೆ ದುಡಿಯುವವರ ಹೊತ್ತು ನಮ್ಮ ವಿನೋದಕ್ಕೆ ಇರುವುದಲ್ಲ. ಸಿಂಹಳ ನುಡಿಯೂ ಸಂಸ್ಕೃತವನ್ನು ಬಲ್ಲ ಕಿವಿಗೆ ಅಪರಿಚಿತವಲ್ಲ. ನಮಸ್ಕಾರಕ್ಕೆ 'ಆಯುಬೋವನ್' ಎನ್ನುವರು, ದೀರ್ಘಾಯುವಾಗು ಎಂದು ಅರ್ಥ. ಕೃತಜ್ಞತೆಗೆ 'ಇಸ್ತುತಿ', ಅದು ನಮ್ಮ ಸ್ತುತಿಯೇ. ದಯವಿಟ್ಟು ಎನ್ನಲು 'ಕರುಣಾಕರ'. ಈ ಮೂರು ಶಬ್ದಗಳನ್ನು ಕಲಿತು ಹೋದವನನ್ನು ಬಸ್ಸಿನ ಕಂಡಕ್ಟರು ಕೂಡ ಬೇರೆಯಾಗಿ ನೋಡುವನು.

ಊಟದ ವಿಷಯದಲ್ಲಿ ನಮ್ಮವರಿಗೆ ಕಷ್ಟವಿಲ್ಲ. 'ಅಪ್ಪ' ಎಂಬ ಬಟ್ಟಲಾಕಾರದ ದೋಸೆ, ನಮ್ಮ ಒತ್ತುಶ್ಯಾವಿಗೆಯೇ ಆದ ಇಡಿಯಪ್ಪ, ಕೆಂಪಕ್ಕಿಯ ಅನ್ನದೊಡನೆ ನಾಲ್ಕೈದು ಬಗೆಯ ತರಕಾರಿ ಪಲ್ಯಗಳು, ಎಮ್ಮೆಯ ಮೊಸರಿನ ಮೇಲೆ ಬೈನೆಯ ಮರದಿಂದಿಳಿಸಿದ ಬೆಲ್ಲದ ಪಾಕ: ಇವೆಲ್ಲ ನಮ್ಮ ಕರಾವಳಿಯ ನೆಂಟರಂತೆ ಕಾಣುತ್ತವೆ. ಸಸ್ಯಾಹಾರಿಗಳು ಮಾತ್ರ ಒಂದು ಸಂಗತಿಯನ್ನು ತಿಳಿದಿರಬೇಕು. ತೆಂಗಿನ ತುರಿಯ 'ಪೊಲ್ ಸಂಬೋಲ'ಕ್ಕೂ ಕೆಲವು ತರಕಾರಿಗಳಿಗೂ 'ಉಂಬಲಕಡ' ಎಂಬ ಒಣಮೀನಿನ ಪುಡಿಯನ್ನು ಹಾಕುವುದುಂಟು. ಬಡಿಸುವ ಮೊದಲೇ 'ಉಂಬಲಕಡ ಎಪಾ', ಬೇಡವೆಂದು, ಹೇಳಿದರೆ ಅವರೇನೂ ಬೇಸರಿಸರು.

ಬೌದ್ಧ ಮಂದಿರಗಳಲ್ಲಿ ಭುಜವೂ ಮೊಣಕಾಲೂ ಮುಚ್ಚಿರಬೇಕು, ಪಾದರಕ್ಷೆಯನ್ನೂ ಟೋಪಿಯನ್ನೂ ತೆಗೆಯಬೇಕು. ಅನುರಾಧಪುರದ ಕಲ್ಲುಹಾಸು ಮಧ್ಯಾಹ್ನಕ್ಕೆ ಕಾದ ಹೆಂಚಾಗುವುದರಿಂದ ಬೆಳಿಗ್ಗೆಯೇ ಹೋಗತಕ್ಕದ್ದು. ಬುದ್ಧನ ವಿಗ್ರಹಕ್ಕೆ ಬೆನ್ನುಮಾಡಿ ನಿಂತು ಚಿತ್ರ ತೆಗೆಸಿಕೊಳ್ಳುವುದು ಅಲ್ಲಿ ಅಪಚಾರ. ಬುದ್ಧನ ರೂಪವನ್ನು ಮೈಮೇಲೆ ಹಚ್ಚೆ ಹಾಕಿಸಿಕೊಂಡಿದ್ದ ವಿದೇಶೀಯರೊಬ್ಬರನ್ನು 2014ರಲ್ಲಿ ದೇಶದಿಂದಲೇ ಹೊರಕಳುಹಿಸಿದರು. ಪ್ರತಿ ಹುಣ್ಣಿಮೆಯೂ 'ಪೋಯ' ಎಂಬ ರಜಾದಿನ. ಅಂದು ಮದ್ಯ ಮಾಂಸಗಳ ಮಾರಾಟವಿಲ್ಲ, ಬಸ್ಸು ರೈಲುಗಳು ತುಂಬಿರುತ್ತವೆ. ಸಿಗಿರಿಯದ ಬಂಡೆಯನ್ನು ಏರುವವರು ಪಾಸ್‌ಪೋರ್ಟ್ ಒಯ್ಯಿರಿ, ಸಾರ್ಕ್ ದೇಶದವರಿಗೆ ಶುಲ್ಕದಲ್ಲಿ ರಿಯಾಯಿತಿಯುಂಟು. ಬಂಡೆಯ ಮೇಲೆ ಹೆಜ್ಜೇನಿನ ಹುಟ್ಟುಗಳಿರುವುದರಿಂದ ಗದ್ದಲಮಾಡಬೇಡಿರಿ. ಪೊಲೊನ್ನರುವೆಗೆ ಹೋದವರು, ಚೋಳರನ್ನು ಅಲ್ಲಿಂದ ಹೊರಡಿಸಿದ ವಿಜಯಬಾಹು ಅರಸನಿಗೂ ನಮ್ಮ ಕರ್ಣಾಟದ ದೊರೆಗೂ ದೂತರ ಮೂಲಕ ಕಾಣಿಕೆಗಳ ವಿನಿಮಯ ನಡೆದಿತ್ತೆಂದು 'ಚೂಳವಂಸ' ಹೇಳುವುದನ್ನು ನೆನೆದುಕೊಂಡರೆ, ಆ ಕಲ್ಲುಗಳ ನಡುವೆ ಪರದೇಶಿಗಳಂತೆ ನಡೆಯಲಾರರು.

ಶ್ರೀಪಾದ ಪರ್ವತವನ್ನು ಕಡೆಗೆ ಇಟ್ಟುಕೊಳ್ಳಿರಿ. ಡಿಸೆಂಬರಿನ ಹುಣ್ಣಿಮೆಯಿಂದ ಮೇ ತಿಂಗಳ ವೈಶಾಖದ ಹುಣ್ಣಿಮೆಯವರೆಗೆ ಅಲ್ಲಿ ಯಾತ್ರೆಯ ಕಾಲ. ಬೌದ್ಧರು ಬುದ್ಧನ ಹೆಜ್ಜೆಯೆಂದು, ಹಿಂದೂಗಳು ಶಿವನದೆಂದು, ಮುಸಲ್ಮಾನರೂ ಕ್ರೈಸ್ತರೂ ಆದಿಪುರುಷ ಆದಮನದೆಂದು ಪೂಜ್ಯವಾಗಿ ಭಾವಿಸುವ ಒಂದು ಪಾದದ ಗುರುತನ್ನು ಕಾಣಲು ಜನ ನಡುರಾತ್ರಿಯಲ್ಲಿ ಹೊರಟು ಸಾವಿರಾರು ಮೆಟ್ಟಿಲುಗಳನ್ನು ಹತ್ತಿ 2,243 ಮೀಟರ್ ಎತ್ತರದ ಶಿಖರದಲ್ಲಿ ಸೂರ್ಯೋದಯವನ್ನು ಎದುರುನೋಡುತ್ತಾರೆ. ಮೆಟ್ಟಿಲೇರಿ ಬೆವೆತ ಮೈಗೆ ಅಲ್ಲಿನ ಗಾಳಿ ತಾಗಿದರೆ ಹಲ್ಲು ಕಟಕಟಿಸುವುದು. ಉಷ್ಣದೇಶಕ್ಕೆ ಹೊರಟವರಾರೂ ಕಂಬಳಿಯನ್ನು ಕಟ್ಟಿಕೊಂಡು ಹೋಗಿರುವುದಿಲ್ಲ. ನಮ್ಮ ತಂದೆಯವರಿಗೆ ಮಿಲ್ಲಿನಿಂದ ದೊರೆತ ಒಂದು ಬೂದುಬಣ್ಣದ ಉಣ್ಣೆಯ ಕಂಬಳಿ ನಮ್ಮ ಮನೆಯಲ್ಲಿದೆ. ಅಂಚು ಸವೆದಿದೆ, ಮೈ ಇನ್ನೂ ಗಟ್ಟಿಯಾಗಿದೆ. ಈವರೆಗೆ ನಾಲ್ಕು ಸಲ ಶ್ರೀಪಾದವನ್ನು ಏರಿಬಂದಿದೆ, ಅದರಲ್ಲಿ ನನ್ನೊಡನೆ ಹೋದದ್ದು ಒಂದೇ ಸಲ. ಮುಂದಿನ ಡಿಸೆಂಬರಿಗೆ ಹೊರಡುವವರು ಬಂದು ಕೇಳಿದರೆ ಕೊಡುತ್ತೇನೆ. ಹಿಂದಿರುಗಿದ ಮೇಲೆ ಬಿಸಿಲಿನಲ್ಲಿ ಒಣಗಿಸಿ ತಂದುಕೊಟ್ಟರಾಯಿತು.